ವಸ್ತುವನ್ನೇ ನೋಡದ ಕ್ಯಾಮೆರಾ

1995ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನಿಂದ ಹೊರಬಿದ್ದ ಒಂದು ಚಿತ್ರ ನೋಡುವುದಕ್ಕೆ ಅಷ್ಟೇನೂ ಚೆನ್ನಾಗಿಲ್ಲ. ಯು, ಎಂ, ಬಿ, ಸಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು, ಅವೂ ಅಂಚು ಕರಗಿದಂಥವು. ಆದರೂ ಬೆಳಕಿನ ಶಾಸ್ತ್ರದಲ್ಲಿ ಕೆಲಸ ಮಾಡುವವರು ಮೂವತ್ತು ವರ್ಷಗಳಿಂದ ಆ ಚಿತ್ರದ ಬೆನ್ನು ಬಿಟ್ಟಿಲ್ಲ. ಅಕ್ಷರಗಳ ಆಕಾರಕ್ಕೆ ಕೊರೆದ ಸ್ಟೆನ್ಸಿಲ್ಲನ್ನು ದಾಟಿ ಬಂದ ಬೆಳಕನ್ನು ಹಿಡಿದ ಡಿಟೆಕ್ಟರಿಗೆ ಅಕ್ಷರ ಗುರುತಿಸುವ ಯೋಗ್ಯತೆಯೇ ಇರಲಿಲ್ಲ. ಫೋಟಾನು ಬಂತು, ಬರಲಿಲ್ಲ ಎಂದಷ್ಟೇ ಅದು ಹೇಳಬಲ್ಲದು. ಎಲ್ಲಿ ಬಂತು ಎಂದು ಹೇಳಬಲ್ಲ ಇನ್ನೊಂದು ಡಿಟೆಕ್ಟರಿಗೆ ತಲುಪಿದ ಬೆಳಕೋ, ಸ್ಟೆನ್ಸಿಲ್ಲಿನ ಹತ್ತಿರಕ್ಕೂ ಸುಳಿದಿರಲಿಲ್ಲ. ಎರಡರ ಲೆಕ್ಕವನ್ನೂ ಎದುರುಬದುರಿಟ್ಟು ತಾಳೆ ಹಾಕಿದಾಗಲೇ ಅಕ್ಷರಗಳು ಮೇಲೆದ್ದವು.

ಇದಕ್ಕೆ 'ಘೋಸ್ಟ್ ಇಮೇಜಿಂಗ್' ಎಂಬ ಹೆಸರು ಅಂಟಿತು. ಹೆಸರಿನ ಜೊತೆಗೆ ಸಾಕಷ್ಟು ಸದ್ದೂ ಅಂಟಿಕೊಂಡಿತು. ಕ್ವಾಂಟಮ್ ಮಾಯೆ, ಹೊಗೆಯಾಚೆ ನೋಡುವ ಕಣ್ಣು, ರೋಗಿಗೆ ವಿಕಿರಣವೇ ತಾಗದಂಥ ಎಕ್ಸ್‌ರೇ ಎಂದೆಲ್ಲ ಬರೆದದ್ದಾಯಿತು. ಈ ಸದ್ದಿನಲ್ಲಿ ಹೆಚ್ಚಿನದು ಜೊಳ್ಳು. ಕಾಳು ಇರುವುದು ಸದ್ದು ಮಾಡಿದವರು ಅಷ್ಟಾಗಿ ಕೈಹಾಕದ ಕಡೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಮೊದಲ ಪ್ರಯೋಗದ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ.

ಟಾಡ್ ಪಿಟ್‌ಮನ್, ಯಾನ್‌ಹುವಾ ಶಿ, ದಿಮಿತ್ರಿ ಸ್ಟ್ರೆಕಾಲೋವ್, ಅಲೆಕ್ಸಾಂಡರ್ ಸೆರ್ಗಿಯೆಂಕೊ ಈ ನಾಲ್ವರು ಆರ್ಗಾನ್ ಲೇಸರಿನ 351 ನ್ಯಾನೋಮೀಟರಿನ ನೇರಳಾತೀತ ಬೆಳಕನ್ನು ಬೇರಿಯಂ ಬೋರೇಟ್ ಹರಳಿನ ಮೂಲಕ ಹಾಯಿಸಿದರು. ಹರಳಿನೊಳಗೆ ಎಲ್ಲೋ ಒಂದು ಫೋಟಾನು ಅಪರೂಪಕ್ಕೆ ಎರಡಾಗಿ ಒಡೆಯುತ್ತದೆ. ಹುಟ್ಟುವ ಎರಡೂ ಕೆಂಪು ಬಣ್ಣದವು, ಒಂದೊಂದೂ 702 ನ್ಯಾನೋಮೀಟರ್. ಈ ಜೋಡಿಯಲ್ಲಿ ಒಂದು ಎತ್ತ ಹೊರಟಿತು ಎಂಬುದಕ್ಕೂ ಇನ್ನೊಂದು ಎತ್ತ ಹೊರಟಿತು ಎಂಬುದಕ್ಕೂ ಬಿಡಿಸಲಾಗದ ನಂಟು. ಒಂದು ಫೋಟಾನು ಮಸೂರ ದಾಟಿ, ಸ್ಟೆನ್ಸಿಲ್ ದಾಟಿ, ಹಿಂದಿರುವ ಡಿಟೆಕ್ಟರಿಗೆ ಸೇರುತ್ತದೆ. ಅದರ ಜೊತೆಗಾರ ಬೇರೆ ದಾರಿ ಹಿಡಿದು, ಅರ್ಧ ಮಿಲಿಮೀಟರ್ ದಪ್ಪದ ಫೈಬರ್ ಎಳೆಯ ತುದಿಗೆ ಬರುತ್ತದೆ. ಆ ತುದಿಯನ್ನು ಅಡ್ಡಕ್ಕೂ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಸರಿಸುತ್ತ, ಪ್ರತಿ ಜಾಗದಲ್ಲೂ ಎರಡು ಡಿಟೆಕ್ಟರುಗಳು ಒಟ್ಟೊಟ್ಟಿಗೆ ಎಷ್ಟು ಸಲ ಬಡಿದವು ಎಂದು ಎಣಿಸಬೇಕು. ಫೈಬರಿನ ಡಿಟೆಕ್ಟರೊಂದರ ಎಣಿಕೆಯನ್ನು ಮಾತ್ರ ಬಿಡಿಸಿ ನೋಡಿದರೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರಲ್ಲಿ ಯಾವ ಅಕ್ಷರವೂ ಇಲ್ಲ.

ಪ್ರಯೋಗದ ನಿಜವಾದ ಸೊಗಸು ದೂರದ ಲೆಕ್ಕದಲ್ಲಿದೆ. ಮಸೂರದ ಸಂಗಮದೂರ 400 ಮಿಲಿಮೀಟರ್. ಸ್ಟೆನ್ಸಿಲ್ಲಿನಿಂದ ಮಸೂರಕ್ಕೆ 600. ಚಿತ್ರ 1200ಕ್ಕೆ ಮೂಡಬೇಕು ಎಂದು ಹೈಸ್ಕೂಲಿನ ಮಸೂರ ಸೂತ್ರವೇ ಹೇಳುತ್ತದೆ. ಆದರೆ ಆ 1200ನ್ನು ಎಲ್ಲಿಂದ ಎಲ್ಲಿಗೆ ಅಳೆಯುವುದು? ಮಸೂರದಿಂದ ಹಿಂದಕ್ಕೆ ಹರಳಿನವರೆಗೆ ಹೋಗಿ, ಅಲ್ಲಿಂದ ಎರಡನೆಯ ದಾರಿ ಹಿಡಿದು ಮುಂದೆ ಫೈಬರಿನ ತುದಿಯವರೆಗೆ. ಯಾವ ಫೋಟಾನೂ ಆ ದಾರಿಯನ್ನು ಇಡಿಯಾಗಿ ನಡೆದಿಲ್ಲ. ಆದರೂ ಸೂತ್ರ ಸರಿಹೋಯಿತು, ಅಕ್ಷರಗಳು ಸರಿಯಾಗಿ ಎರಡು ಪಟ್ಟು ದೊಡ್ಡದಾಗಿ ಬಂದವು. ಒಂದು ಡಿಟೆಕ್ಟರನ್ನು ದೀಪವೆಂದೂ ಹರಳನ್ನು ಕನ್ನಡಿಯೆಂದೂ ಭಾವಿಸಿ ಲೆಕ್ಕ ಹಾಕಿದರೆ ಸಾಕು ಎಂಬುದನ್ನು ಮಾಸ್ಕೋದ ಡೇವಿಡ್ ಕ್ಲಿಶ್ಕೊ ಮೊದಲೇ ತೋರಿಸಿಕೊಟ್ಟಿದ್ದರು. ಬೇಲೂರಿನ ಶಿಲ್ಪವನ್ನು ನೋಡುವಂತೆ ಹತ್ತಿರ ನಿಂತು ನೋಡಬೇಕಾದದ್ದು ಆ ನಾಲ್ವರ 1995ರ ಪ್ರಬಂಧ. ಬೆರಳೆಣಿಕೆಯ ಪುಟಗಳಲ್ಲಿ ಇಷ್ಟು ಅಡಗಿದೆ.

ತಕರಾರು ಶುರುವಾದದ್ದು ಆಮೇಲೆ. ಫೋಟಾನುಗಳ ನಡುವಿನ ಈ ನಂಟನ್ನು, ಎಂಟ್ಯಾಂಗಲ್‌ಮೆಂಟ್ ಎಂದು ಭೌತವಿಜ್ಞಾನಿಗಳು ಕರೆಯುವುದನ್ನು, ಬಿಟ್ಟರೆ ಇಂಥ ಚಿತ್ರ ಸಾಧ್ಯವೇ ಇಲ್ಲ ಎಂದು 2001ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಗುಂಪೊಂದು ಬರೆಯಿತು. ಮರುವರ್ಷವೇ ರಾಚೆಸ್ಟರಿನಲ್ಲಿ ರಯಾನ್ ಬೆನಿಂಕ್, ಶಾನ್ ಬೆಂಟ್ಲಿ, ರಾಬರ್ಟ್ ಬಾಯ್ಡ್ ಸೇರಿ ಅದನ್ನು ಮಾಡಿಯೇ ತೋರಿಸಿದರು. ಅವರ ಕೈಯಲ್ಲಿದ್ದದ್ದು ಸಾಮಾನ್ಯ ಲೇಸರು, ಆಗಾಗ ಹೇಗೆಂದರೆ ಹಾಗೆ ವಾಲುವ ಕನ್ನಡಿ, ಬೆಳಕನ್ನು ಎರಡಾಗಿ ಸೀಳುವ ಗಾಜು. ಒಂದು ಕಿರಣ ವಸ್ತುವಿನ ಮೇಲೆ ಎಲ್ಲಿ ಬೀಳುತ್ತದೋ ಇನ್ನೊಂದು ಕ್ಯಾಮೆರಾದ ಮೇಲೆ ಅದಕ್ಕೆ ಸರಿಯಾದ ಜಾಗದಲ್ಲಿ ಬೀಳುತ್ತದೆ. ವಸ್ತುವನ್ನು ದಾಟಿದ ಬೆಳಕು ಸಿಕ್ಕಿದಾಗಲೆಲ್ಲ ಕ್ಯಾಮೆರಾದ ಆ ಚುಕ್ಕೆಯನ್ನು ಉಳಿಸಿಕೊಂಡರೆ ಚಿತ್ರ ಸಿದ್ಧ. ಇದರಲ್ಲಿ ಮಾಯೆಯೇನು ಬಂತು? ಇಡೀ ವಾದಮಾಲೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಕೃತಿ ಇದೇ. ಕೆಣಕುವ ಧಾಟಿಯಿದ್ದರೂ ಒಂದು ಸಾಲೂ ಹೆಚ್ಚಿಲ್ಲ.

ಆಗ ಗೆರೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಲಾಯಿತು. ಸರಿ, ಚಿತ್ರ ಮಾತ್ರ ಬೇಕಾದರೆ ಮಾಮೂಲು ಬೆಳಕು ಸಾಕು. ಆದರೆ ಅದೇ ಬೆಳಕಿನ ಮೂಲದಿಂದ ಚಿತ್ರವನ್ನೂ ವಿವರ್ತನೆಯ ಪಟ್ಟೆಗಳನ್ನೂ ಎರಡನ್ನೂ ಪಡೆಯುವುದಕ್ಕೆ ಎಂಟ್ಯಾಂಗಲ್‌ಮೆಂಟೇ ಬೇಕು ಎಂಬ ಮಾತು ಬಂತು. ಇಟಲಿಯ ಅಲೆಸ್ಸಾಂಡ್ರಾ ಗಾಟಿ, ಲುಯಿಜಿ ಲುಜಿಯಾಟೊ ಮತ್ತು ಸಂಗಡಿಗರು 2004ರಲ್ಲಿ ಅದನ್ನೂ ಸಿದ್ಧಾಂತದಲ್ಲಿ ಕೆಡವಿದರು, 2005ರಲ್ಲಿ ಪ್ರಯೋಗದಲ್ಲೂ. ಅವರ ದೀಪ, ತಿರುಗುವ ಮಬ್ಬುಗಾಜಿನ ಬಿಲ್ಲೆಯ ಮೇಲೆ ಬಿದ್ದ ಲೇಸರು. ಲೇಸರನ್ನು ಮಬ್ಬುಗಾಜಿನ ಮೂಲಕ ಹಾಯಿಸಿದರೆ ಗೋಡೆಯ ಮೇಲೆ ಕಾಳು ಚೆಲ್ಲಿದಂತೆ ಬೆಳಕು, ಕತ್ತಲೆಗಳ ಚುಕ್ಕೆಗಳು ಕಾಣುತ್ತವಲ್ಲ, ಗಾಜು ತಿರುಗಿದಂತೆಲ್ಲ ಆ ಚುಕ್ಕೆಗಳ ಹಾಸು ಬದಲಾಗುತ್ತ ಹೋಗುತ್ತದೆ. ಒಂದೇ ಹಾಸನ್ನು ಸೀಳಿ ಎರಡು ಕಡೆಗೆ ಕಳಿಸಿದರೆ ಅಲ್ಲೂ ಇಲ್ಲೂ ಅದೇ ಚುಕ್ಕೆಗಳು.

ಈ ಚುಕ್ಕೆಗಳ ಶಾಸ್ತ್ರದಲ್ಲಿ ಬೆಂಗಳೂರಿನದೂ ಒಂದು ಹಳೆಯ ಅಧ್ಯಾಯವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್, ಸಣ್ಣ ಸಣ್ಣ ಕಣಗಳನ್ನು ಹಾದುಬಂದ ಬೆಳಕಿನ ವಲಯಗಳಲ್ಲಿ ತೀವ್ರತೆ ಹೇಗೆ ಏರಿಳಿಯುತ್ತದೆ ಎಂದು 1943ರಲ್ಲೇ ಬರೆದಿದ್ದರು. ಆಗ ಲೇಸರಿನ ಹೆಸರೇ ಇರಲಿಲ್ಲ. ಎರಡು ಕಡೆಯ ಏರಿಳಿತಗಳನ್ನು ಗುಣಿಸಿ ತಾಳೆ ನೋಡುವ ಉಪಾಯವೂ ಘೋಸ್ಟ್ ಇಮೇಜಿಂಗಿನವರ ಸ್ವಂತ ಆಸ್ತಿಯಲ್ಲ. ನೀಲಗಿರಿಯ ಅರುವಂಕಾಡಿನಲ್ಲಿ 1916ರಲ್ಲಿ ಹುಟ್ಟಿದ ರಾಬರ್ಟ್ ಹ್ಯಾನ್‌ಬರಿ ಬ್ರೌನ್, ರಿಚರ್ಡ್ ಟ್ವಿಸ್ ಜೊತೆ ಸೇರಿ, 1956ರಲ್ಲಿ ಎರಡು ಸರ್ಚ್‌ಲೈಟ್ ಕನ್ನಡಿಗಳನ್ನು ಇಟ್ಟುಕೊಂಡು ಲುಬ್ಧಕ ನಕ್ಷತ್ರದ ವ್ಯಾಸವನ್ನು ಇದೇ ಉಪಾಯದಿಂದ ಅಳೆದರು. ಬೇರೆ ಬೇರೆ ಫೋಟಾನುಗಳು ಹೀಗೆ ಒಟ್ಟೊಟ್ಟಿಗೆ ಬರುವುದುಂಟೇ ಎಂದು ಆಗಲೂ ಎಷ್ಟೋ ಜನ ಭೌತವಿಜ್ಞಾನಿಗಳು ಒಪ್ಪಲಿಲ್ಲ. ಹ್ಯಾನ್‌ಬರಿ ಬ್ರೌನ್ ವಾದ ಬೆಳೆಸುತ್ತ ಕೂರದೆ ಆಸ್ಟ್ರೇಲಿಯಾದ ನರಾಬ್ರಿಗೆ ಹೋಗಿ, 188 ಮೀಟರ್ ವ್ಯಾಸದ ರೈಲು ಹಳಿಯ ಮೇಲೆ ಎರಡು ದೊಡ್ಡ ಕನ್ನಡಿಗಳನ್ನು ಓಡಿಸಿ, 32 ನಕ್ಷತ್ರಗಳನ್ನು ಅಳೆದು ಮುಗಿಸಿದರು.

ಘೋಸ್ಟ್ ಇಮೇಜಿಂಗಿನ ವಾದಕ್ಕೆ ಅಂಥ ಮುಕ್ತಾಯ ಸಿಗಲಿಲ್ಲ. ಮಬ್ಬುಗಾಜಿನ ಬೆಳಕಿನಲ್ಲೂ ನಡೆಯುತ್ತಿರುವುದು ಕ್ವಾಂಟಮ್ ವ್ಯವಹಾರವೇ, ಎರಡು ಫೋಟಾನುಗಳು ದೂರದಿಂದಲೇ ಹೆಣೆದುಕೊಂಡು ಮಾಡುವ ಕೆಲಸವೇ ಎಂದು ಯಾನ್‌ಹುವಾ ಶಿ ಹಟ ಹಿಡಿದರು. ಎಂಐಟಿಯ ಜೆಫ್ರಿ ಶಪಿರೊ 2008ರಲ್ಲಿ ಕೊಟ್ಟ ಉತ್ತರ ಚಿಕ್ಕದು, ಚೂಪಾದದ್ದು. ಎರಡನೆಯ ಬೆಳಕಿನ ದಾರಿಯನ್ನೇ ತೆಗೆದುಹಾಕಿ ಎಂದರು. ಮಬ್ಬುಗಾಜಿನ ಬದಲು ಕಂಪ್ಯೂಟರ್ ಹೇಳಿದಂತೆ ಬೆಳಕನ್ನು ತಿದ್ದುವ ಸಾಧನವಿಡಿ. ಯಾವ ಹಾಸು ಯಾವಾಗ ಬಿತ್ತು ಎಂಬುದು ಕಂಪ್ಯೂಟರಿಗೇ ಗೊತ್ತಿರುವಾಗ ಅದನ್ನು ಅಳೆಯುವ ಕ್ಯಾಮೆರಾ ಯಾಕೆ? ಮರುವರ್ಷ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಯಾರೋನ್ ಸಿಲ್ಬರ್‌ಬರ್ಗ್ ಗುಂಪು ಒಂದೇ ಡಿಟೆಕ್ಟರಿನಿಂದ ಅದನ್ನು ಮಾಡಿತು. ಎರಡನೆಯ ಫೋಟಾನೇ ಇಲ್ಲದ ಮೇಲೆ ಅದರೊಡನೆ ಹೆಣೆದುಕೊಳ್ಳುವ ಮಾತು ಎಲ್ಲಿಯದು? 2012ರಲ್ಲಿ ಒಂದೇ ಪತ್ರಿಕೆಯಲ್ಲಿ ಶಪಿರೊ ಮತ್ತು ಬಾಯ್ಡ್ ಒಂದು ಕಡೆ, ಶಿ ಇನ್ನೊಂದು ಕಡೆ ನಿಂತು ಪ್ರಬಂಧ, ಪ್ರತಿಪ್ರಬಂಧ ಬರೆದರು. ಎರಡನ್ನೂ ಓದಿದರೆ ಶಿ ಅವರ ಗಣಿತ ತಪ್ಪಲ್ಲ, ಅವರು ಆ ಗಣಿತಕ್ಕೆ ಹೊರಿಸಿದ ಅರ್ಥದ ಭಾರ ಅತಿಯಾಯಿತು ಅನ್ನಿಸುತ್ತದೆ. ಫೋಟಾನು ಎಂದೇ ಶುರುಮಾಡಿದರೆ ಮೇಣದ ಬತ್ತಿಯ ಬೆಳಕನ್ನೂ ಕ್ವಾಂಟಮ್ ಭಾಷೆಯಲ್ಲಿ ಬರೆಯಬಹುದು. ಹಾಗೆ ಬರೆದ ಮಾತ್ರಕ್ಕೆ ಮೇಣದ ಬತ್ತಿ ಬೇರೆಯಾಗುವುದಿಲ್ಲ.

ಶಪಿರೊ ಅವರ ಉಪಾಯ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಹಾಸ್ಟೆಲಿನ ಮೆಸ್ಸಿನ ಲೆಕ್ಕಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಯಾರು ಎಷ್ಟು ಉಣ್ಣುತ್ತಾರೆ ಎಂದು ಯಾರೂ ತೂಗಿ ನೋಡುವುದಿಲ್ಲ. ಇವತ್ತು ಊಟಕ್ಕೆ ಯಾರ್ಯಾರು ಬಂದಿದ್ದರು ಎಂಬ ಹಾಜರಿ ಪಟ್ಟಿ ಇದೆ, ಒಟ್ಟು ಎಷ್ಟು ಅಕ್ಕಿ ಖರ್ಚಾಯಿತು ಎಂಬ ಒಂದೇ ಅಂಕಿ ಇದೆ. ದಿನಕ್ಕೊಂದು ಥರ ಜನ ಬರುತ್ತಿದ್ದರೆ, ಸಾಕಷ್ಟು ದಿನದ ಪಟ್ಟಿ ಕೂಡಿದ ಮೇಲೆ ಒಬ್ಬೊಬ್ಬನ ಹೊಟ್ಟೆಯ ಅಳತೆಯನ್ನೂ ಹೇಳಿಬಿಡಬಹುದು. ವಸ್ತುವಿನ ಮೇಲೆ ಬಿದ್ದ ಬೆಳಕಿನ ಹಾಸೇ ಹಾಜರಿ ಪಟ್ಟಿ, ಡಿಟೆಕ್ಟರು ಕೊಡುವ ಒಂದು ಅಂಕಿಯೇ ಅಕ್ಕಿಯ ಲೆಕ್ಕ. ಸಾವಿರ ಜನ ಇದ್ದರೆ ಸರಿಸುಮಾರು ಸಾವಿರ ದಿನ ಬೇಕು ಎಂಬ ಕಷ್ಟವೂ ಇದರಲ್ಲೇ ಕಾಣುತ್ತದೆ: ಉದ್ದಕ್ಕೆ 32, ಅಗಲಕ್ಕೆ 32 ಚುಕ್ಕೆಗಳ ಚಿತ್ರಕ್ಕೆ ಜಾಣತನದಿಂದ ಆರಿಸಿದ 1024 ಹಾಸುಗಳು ಬೇಕು. ಹಾಸುಗಳನ್ನು ಮಬ್ಬುಗಾಜಿನಂತೆ ಯದ್ವಾತದ್ವಾ ಬೀಳಿಸಿದರೆ ಅದರ ಎಷ್ಟೋ ಪಟ್ಟು.

ಗ್ಲಾಸ್ಗೋದ ಮೈಲ್ಸ್ ಪ್ಯಾಜೆಟ್ ಗುಂಪು 2013ರಲ್ಲಿ ಈ ದಾರಿಯಲ್ಲಿ ಮಾಡಿದ ಕೆಲಸ ಪ್ರಯೋಗಾಲಯದ ಮೇಜಿನಿಂದ ಕೆಳಗಿಳಿದ ಮೊದಲ ಕೆಲಸ ಎನ್ನಬಹುದು. ಬಟ್ಟೆ ಅಂಗಡಿಯ ಗೊಂಬೆಯಂಥ ಒಂದು ತಲೆ, ಅದರ ಮೇಲೆ ಹಾಸುಗಳನ್ನು ಬೀರುವ ಡಿಜಿಟಲ್ ಪ್ರೊಜೆಕ್ಟರು, ಬೇರೆ ಬೇರೆ ಕಡೆ ಇಟ್ಟ ನಾಲ್ಕು ಫೋಟೊಡಯೋಡು. ನಾಲ್ಕೂ ಒಂದೊಂದು ಚಿತ್ರ ಕೊಡುತ್ತವೆ. ವಿಚಿತ್ರವೆಂದರೆ ಚಿತ್ರದಲ್ಲಿ ತಲೆ ಕಾಣುವುದು ಪ್ರೊಜೆಕ್ಟರು ನಿಂತ ಕಡೆಯಿಂದ ನೋಡಿದಂತೆ. ನೆರಳು ಬೀಳುವುದು ಫೋಟೊಡಯೋಡು ಇಟ್ಟ ಕಡೆಯಿಂದ ದೀಪ ಹಚ್ಚಿದಂತೆ. ಡಯೋಡನ್ನು ಎಡಕ್ಕೆ ಸರಿಸಿದರೆ ಮೂಗಿನ ನೆರಳು ಬಲಗೆನ್ನೆಗೆ ಹೋಗುತ್ತದೆ. ನಾಲ್ಕು ನೆರಳುಗಳನ್ನು ಹೋಲಿಸಿ ಮುಖದ ಉಬ್ಬುತಗ್ಗುಗಳನ್ನು ಕಟ್ಟಿ, ಮೂರು ಆಯಾಮದ ಆಕಾರವನ್ನು ತೆಗೆದರು. ಬಲು ಚೆಂದದ ಕೆಲಸ. ಆದರೆ ಇದನ್ನು ಹೊಚ್ಚಹೊಸದೆಂದು ಸಾರಿದವರು ಜಾನ್ ಲೋಗಿ ಬೇರ್ಡ್ ಅವರನ್ನು ನೆನೆಯಬೇಕಿತ್ತು. 1930ರ ದಶಕದ ಆರಂಭದಲ್ಲಿ ಬಿಬಿಸಿಯ 30 ಗೆರೆಗಳ ಟೆಲಿವಿಷನ್ ನಡೆದದ್ದೇ ಹೀಗೆ: ಕತ್ತಲೆ ಮಾಡಿದ ಸ್ಟುಡಿಯೋದಲ್ಲಿ ಹಾಡುವವರ ಮೈಮೇಲೆ ಬೆಳಕಿನ ಚುಕ್ಕೆಯೊಂದು ಓಡಾಡುತ್ತಿತ್ತು, ಸುತ್ತ ಇಟ್ಟ ಫೋಟೊಸೆಲ್ಲುಗಳು ಚೆದರಿದ ಬೆಳಕನ್ನು ಒಟ್ಟು ಹಿಡಿಯುತ್ತಿದ್ದವು. ಒಂದು ಚುಕ್ಕೆಯ ಜಾಗದಲ್ಲಿ ಹಾಸು ಬಂತು, ಗಣಿತ ಬಂತು. ಅದು ದೊಡ್ಡ ಹೆಜ್ಜೆಯೇ ಹೌದು, ಆದರೆ ನೆಲ ಹಳೆಯದು.

ಇನ್ನು ಸದ್ದಿನ ವಿಷಯ. ಅಮೆರಿಕದ ಸೇನಾ ಸಂಶೋಧನಾಲಯದ ರೊನಾಲ್ಡ್ ಮೇಯರ್ಸ್ ಮತ್ತು ಕೀತ್ ಡೀಕನ್, ಶಿ ಅವರೊಂದಿಗೆ ಸೇರಿ, 2008ರಲ್ಲಿ ವಸ್ತುವಿನಿಂದ ಚೆದರಿ ಬಂದ ಬೆಳಕಿನಿಂದಲೇ ಚಿತ್ರ ತೆಗೆದರು. (ಸೇನೆಯವರು ಆರಿಸಿಕೊಂಡ ವಸ್ತು ಆಟಿಕೆಯ ಸೈನಿಕ. ಇದಕ್ಕೆ ನಾನೇನೂ ಟಿಪ್ಪಣಿ ಬರೆಯುವುದಿಲ್ಲ.) 2011ರಲ್ಲಿ ಅವರೇ ಗಾಳಿಯ ಕಲಕಾಟಕ್ಕೆ ಜಗ್ಗದ ಘೋಸ್ಟ್ ಇಮೇಜಿಂಗ್ ಎಂದು ಸಾರಿದರು. ಬಿಸಿಲಿಗೆ ಕಾದ ಟಾರು ರಸ್ತೆಯ ಮೇಲೆ ಗಾಳಿ ನಡುಗಿ ಎದುರಿನ ಬಸ್ಸು ಕದಡುವುದನ್ನು ನೋಡಿದವರಿಗೆ ಇದು ದೊಡ್ಡ ಮಾತು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ವಸ್ತುವಿಗೂ ಒಟ್ಟು ಬೆಳಕು ಹಿಡಿಯುವ ಡಿಟೆಕ್ಟರಿಗೂ ನಡುವೆ ಗಾಳಿ ಎಷ್ಟು ಕಲಕಿದರೂ ಚಿಂತೆಯಿಲ್ಲ, ಯಾಕೆಂದರೆ ಆ ಡಿಟೆಕ್ಟರಿಗೆ ಬೆಳಕು ಯಾವ ದಾರಿಯಿಂದ ಬಂದರೂ ಒಂದೇ. ಆದರೆ ಬೆಳಕಿನ ಮೂಲಕ್ಕೂ ವಸ್ತುವಿಗೂ ನಡುವಿನ ಗಾಳಿ ಕಲಕಿದರೆ ವಸ್ತುವಿನ ಮೇಲಿನ ಹಾಸೇ ಕೆಡುತ್ತದೆ, ಹಾಜರಿ ಪಟ್ಟಿಯೇ ಸುಳ್ಳಾಗುತ್ತದೆ. ಅದೇ ವರ್ಷ ರಾಚೆಸ್ಟರಿನ ಗುಂಪೊಂದು ಎಂಟ್ಯಾಂಗಲ್ಡ್ ಫೋಟಾನುಗಳಿಂದಲೇ ಮಾಡಿದ ಪ್ರಯೋಗದಲ್ಲಿ ಕಲಕಾಟ ಎಲ್ಲಿದೆ ಎಂಬುದರ ಮೇಲೆ ಚಿತ್ರದ ಹದ ನಿಂತಿರುವುದು ಕಂಡಿತು. 'ಜಗ್ಗದ' ಎಂಬ ಮಾತಿಗೆ ಷರತ್ತು ಸೇರಿಸಿಯೇ ಓದಬೇಕು.

ಎಕ್ಸ್‌ರೇ ಕತೆ ಇನ್ನೂ ಸೂಕ್ಷ್ಮ. 2016ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನಿನಲ್ಲಿ ಎಕ್ಸ್‌ರೇಯಿಂದ ಘೋಸ್ಟ್ ಇಮೇಜಿಂಗ್ ನಡೆಯಿತು. 2018ರಲ್ಲಿ ಬೀಜಿಂಗಿನ ವಿಜ್ಞಾನಿಗಳು ಸಿಂಕ್ರೊಟ್ರಾನಿನ ಹಂಗಿಲ್ಲದೆ, ಮೇಜಿನ ಮೇಲೆ ಕೂರುವ ಎಕ್ಸ್‌ರೇ ಮೂಲದ ಮುಂದೆ ಮರಳು ಕಾಗದ ಹಿಡಿದು ಹಾಸುಗಳನ್ನು ಮಾಡಿಕೊಂಡರು. ಮರಳು ಕಾಗದ! ಈ ಜಾಣತನಕ್ಕೆ ಯಾರಾದರೂ ತಲೆದೂಗಬೇಕು. ಆದರೆ ಇದರಿಂದ ರೋಗಿಗೆ ತಾಗುವ ವಿಕಿರಣ ಭಾರಿ ಇಳಿಯುತ್ತದೆ ಎಂಬ ಭರವಸೆಗೆ ತಲೆದೂಗುವ ಮೊದಲು ಒಂದು ಲೆಕ್ಕ ಕೇಳಬೇಕು. ಒಂದೊಂದು ಹಾಸಿನ ವಿಕಿರಣ ಕಡಿಮೆ ಎಂಬುದು ನಿಜ. ಆದರೆ ಹಾಸುಗಳು ಸಾವಿರಾರು. ಜೊತೆಗೆ ಫೋಟಾನುಗಳ ಎಣಿಕೆಯಲ್ಲಿ ಸ್ವಭಾವತಃ ಇರುವ ಏರುಪೇರು ಒಂದು ಚುಕ್ಕೆಗೆ ಮಾತ್ರ ಸೇರದೆ, ಹಾಸಿನಲ್ಲಿದ್ದ ಎಲ್ಲ ಚುಕ್ಕೆಗಳ ಮೇಲೂ ಹರಡುತ್ತದೆ. ಮಾಮೂಲು ಎಕ್ಸ್‌ರೇ ಕ್ಯಾಮೆರಾ ಒಂದೊಂದು ಫೋಟಾನನ್ನೂ ನಂಬಿಕೆಯಿಂದ ಎಣಿಸಬಲ್ಲದಾದರೆ ಘೋಸ್ಟ್ ಇಮೇಜಿಂಗ್ ಅದನ್ನು ಸುಲಭಕ್ಕೆ ಸೋಲಿಸಲಾರದು. ಗೆಲುವು ಬರುವುದು ಕ್ಯಾಮೆರಾದ ಸ್ವಂತ ಗದ್ದಲವೇ ಹೆಚ್ಚಾಗಿರುವಾಗ, ಇಲ್ಲವೇ ಚಿತ್ರ ಹೇಗಿರಬಹುದು ಎಂಬ ಊಹೆ ನಮಗೆ ಮೊದಲೇ ಇರುವಾಗ. ಈ ಎರಡನೆಯ 'ಇಲ್ಲವೇ' ಎಷ್ಟೋ ಪ್ರಬಂಧಗಳ ಬೆನ್ನಮೂಳೆ, ಆದರೂ ಅದನ್ನು ಶೀರ್ಷಿಕೆಯಲ್ಲಿ ಹಾಕಿದವರನ್ನು ನಾನು ಕಂಡಿಲ್ಲ.

ಹಾಗಾದರೆ ಎಂಟ್ಯಾಂಗಲ್‌ಮೆಂಟಿಗೆ ಏನೂ ಕೆಲಸವಿಲ್ಲವೇ? ಇದೆ, ಬೆಳಕು ತೀರ ಬಡವಾದಲ್ಲಿ. ಮಬ್ಬುಗಾಜಿನ ಬೆಳಕಿನಲ್ಲಿ ಚಿತ್ರದ ಹಿಂದೆ ಒಂದು ಮಾಸಲು ಹಿನ್ನೆಲೆ ಯಾವಾಗಲೂ ಅಂಟಿಕೊಂಡಿರುತ್ತದೆ, ವಸ್ತು ದೊಡ್ಡದಾದಷ್ಟೂ ಅದು ಚಿತ್ರವನ್ನು ನುಂಗುತ್ತದೆ. ಜೋಡಿ ಫೋಟಾನುಗಳಲ್ಲಿ ಹಾಗಾಗುವುದಿಲ್ಲ. ಜೊತೆಗಾರ ಬಂದದ್ದು ಖಚಿತವಾದಾಗ ಮಾತ್ರ ಲೆಕ್ಕ. 2015ರಲ್ಲಿ ಗ್ಲಾಸ್ಗೋದವರೇ ಕಣಜದ ರೆಕ್ಕೆಯ ಚಿತ್ರವನ್ನು ಚುಕ್ಕೆಯೊಂದಕ್ಕೆ ಸರಾಸರಿ 0.45 ಫೋಟಾನಿನಲ್ಲಿ, ಅಂದರೆ ಅರ್ಧ ಫೋಟಾನೂ ಇಲ್ಲದೆ, ತೆಗೆದರು. ಒಂದು ಫೋಟಾನು ರೆಕ್ಕೆಯನ್ನು ದಾಟಿ ಡಿಟೆಕ್ಟರಿಗೆ ಬಡಿದ ಮೇಲೆ ಕ್ಯಾಮೆರಾಕ್ಕೆ 'ಈಗ ತೆರೆ' ಎಂಬ ಸೂಚನೆ ಹೋಗಬೇಕು. ಸೂಚನೆ ತಂತಿಯಲ್ಲಿ ಸಾಗುವಷ್ಟರಲ್ಲಿ ಜೊತೆಗಾರ ಫೋಟಾನು ಕೈತಪ್ಪಿ ಹೋಗದಿರಲೆಂದು, ಅದನ್ನು ಕನ್ನಡಿ, ಮಸೂರಗಳ ನಡುವೆ ಸುಮಾರು 22 ಮೀಟರ್ ಸುತ್ತಿಸಿ ತರುತ್ತಾರೆ. ಮೇಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ಮಡಿಸಿದ ಆ ದಾರಿಯಲ್ಲಿ ಚಿತ್ರ ಚೆದರದಂತೆ ಕಾಯುವ ಕೆಲಸವಿದೆಯಲ್ಲ, ಅದೇ ನನಗೆ ಪ್ರಬಂಧದ ಅತಿ ಗಟ್ಟಿ ಭಾಗವಾಗಿ ಕಂಡಿತು. ಅಲ್ಲೂ ಒಂದು ಮಾತು ಸೇರಿಸಬೇಕು: ಅರ್ಧ ಫೋಟಾನಿನ ಚಿತ್ರ ಹಾಗೆಯೇ ಕಣ್ಣಿಗೆ ಬಿದ್ದದ್ದಲ್ಲ, ನೈಜ ಚಿತ್ರಗಳಲ್ಲಿ ಏನು ಸಹಜ ಎಂಬ ಊಹೆಯ ಗಣಿತ ಹಾಯಿಸಿ ತಿದ್ದಿದ್ದು. ಲೇಖಕರು ಅದನ್ನು ಮುಚ್ಚಿಟ್ಟಿಲ್ಲ. ಸುದ್ದಿ ಬರೆದವರು ಬಿಟ್ಟುಬಿಟ್ಟರು.

ಜೋಡಿಯ ಎರಡು ಫೋಟಾನುಗಳು ಒಂದೇ ಬಣ್ಣದವೇ ಆಗಬೇಕಿಲ್ಲ ಎಂಬುದರಲ್ಲಿ ಇನ್ನೂ ಒಂದು ಲಾಭವಿದೆ. ವಸ್ತುವಿಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು, ಕ್ಯಾಮೆರಾಕ್ಕೆ ಕಾಣುವ ಬೆಳಕು ಎಂದು ಹಂಚಿಕೊಡಬಹುದು. 2014ರಲ್ಲಿ ವಿಯೆನ್ನಾದಲ್ಲಿ ಗೇಬ್ರಿಯೆಲಾ ಬಾರೆಟೊ ಲೆಮೋಸ್, ಆಂಟನ್ ತ್ಸೈಲಿಂಗರ್ ಮುಂತಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು; ಬೆಕ್ಕಿನ ಆಕಾರವನ್ನು ದಾಟಿದ ಫೋಟಾನನ್ನು ಹಿಡಿಯುವ ಗೋಜಿಗೇ ಹೋಗದೆ ಅದರ ಜೊತೆಗಾರನಿಂದ ಬೆಕ್ಕಿನ ಚಿತ್ರ ತೆಗೆದರು. ಅಲ್ಲಿ ಎರಡು ಲೆಕ್ಕಗಳ ತಾಳೆಯೂ ಇಲ್ಲ. ಘೋಸ್ಟ್ ಇಮೇಜಿಂಗ್ ಎಂಬ ಹೆಸರು ಹೊತ್ತವಕ್ಕಿಂತ ಇದೇ ಹೆಚ್ಚು ಬೆರಗಿನದು, ಆದರೆ ಅದು ಬೇರೆಯೇ ಜಾತಿ.

ದಿನಬಳಕೆಗೆ ಹತ್ತಿರ ಬಂದದ್ದು ಈ ಯಾವ ಕ್ವಾಂಟಮ್ ಚಿತ್ರವೂ ಅಲ್ಲ, ಗ್ಲಾಸ್ಗೋದ ಗುಂಪು 2017ರಲ್ಲಿ ತೋರಿಸಿದ ಮೀಥೇನ್ ಕ್ಯಾಮೆರಾ. ಮೀಥೇನ್ ಅನಿಲ 1.65 ಮೈಕ್ರೋಮೀಟರಿನ ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಫೋನಿನ ಕ್ಯಾಮೆರಾದ ಸಿಲಿಕಾನ್ ಚಿಪ್ಪಿಗೆ ಆ ಬೆಳಕು ಕಾಣುವುದೇ ಇಲ್ಲ, ಕಾಣಬಲ್ಲ ಚಿಪ್ಪು ಬಹಳ ದುಬಾರಿ. ಒಂದೇ ಒಂದು ಅವಕೆಂಪು ಡಯೋಡು ಅಷ್ಟು ದುಬಾರಿಯಲ್ಲ. ಹಾಗಾಗಿ ಹಾಸು ಹಾಸಾಗಿ ಬೆಳಕು ಬೀರಿ, ಒಂದು ಡಯೋಡಿನಲ್ಲಿ ಹಿಡಿದು, ಸೆಕೆಂಡಿಗೆ ಸುಮಾರು 25 ಚಿತ್ರಗಳಂತೆ ಸೋರಿಕೆಯನ್ನು ಕಟ್ಟಿದರು. ಚಿತ್ರದ ಗಾತ್ರ ಉದ್ದಕ್ಕೆ 16 ಚುಕ್ಕೆ, ಅಗಲಕ್ಕೆ 16. ಅದನ್ನು ಮಾಮೂಲು ಬಣ್ಣದ ಕ್ಯಾಮೆರಾದ ಚಿತ್ರದ ಮೇಲೆ ಹೊದಿಸಿದರೆ ಕೊಳವೆಯ ಬಾಯಿಂದ ಅನಿಲ ಹೊಗೆಯಂತೆ ಹೊರಡುವುದು ಕಾಣುತ್ತದೆ. ಸೋರಿಕೆ ಎಲ್ಲಿ ಎಂದು ಹುಡುಕುವ ಕೆಲಸದವನಿಗೆ 256 ಚುಕ್ಕೆ ಸಾಕು, ಮುಖದ ಗುರುತು ಹಿಡಿಯಬೇಕಾದವನಿಗೆ ಸಾಲದು. ಆ ಪ್ರಬಂಧದಲ್ಲಿ ಎಂಟ್ಯಾಂಗಲ್‌ಮೆಂಟ್ ಇಲ್ಲ, ಎರಡನೆಯ ಬೆಳಕಿನ ದಾರಿಯೂ ಇಲ್ಲ. ಶೀರ್ಷಿಕೆಯಲ್ಲೂ 'ಘೋಸ್ಟ್' ಬಿಟ್ಟು ಒಂಟಿ ಪಿಕ್ಸೆಲ್ ಕ್ಯಾಮೆರಾ ಎಂದೇ ಬರೆದುಕೊಂಡಿದ್ದಾರೆ.